ನೀಲಿ ಕಿಲುಬು

ಡಿಸೆಂಬರ್ 3, ಬುಧವಾರ

ಬೀಗ ಎಳೆದು ನೋಡಿದೆ. ಮೂರು ಸಲ. ಮೇನ್ ಸ್ವಿಚ್ ಆಫ್. ಸೋಲ್ಡರಿಂಗ್ ಕಡ್ಡಿಯ ಪ್ಲಗ್ ತೆಗೆದಿದ್ದೇನೆ, ಮುಟ್ಟಿ ನೋಡಿದೆ, ತಣ್ಣಗಿತ್ತು. ಪೆಟ್ರೋಲ್ ಡಬ್ಬಿ ಮುಚ್ಚಳ ಬಿಗಿ. ಮಿಕ್ಸಿ ಒಂದು, ಹೊಲಿಗೆ ಮೆಷಿನ್ ಎರಡು ಮುಗಿಯಿತು. ರಿಮೋಟಿನಲ್ಲಿ ಓಡುವ ಬಗ್ಗಿ ಗಾಡಿ ಎರಡು ಬಾಕಿ.

ಇಷ್ಟು ಬರೆದಿಟ್ಟರೆ ಮನೆಯಲ್ಲಿ ಸಂಶಯ ಬಂದಾಗ ಪುಸ್ತಕ ಬಿಡಿಸಿ ನೋಡಬಹುದು. ಹೋದ ಮಳೆಗಾಲದಲ್ಲಿ ಒಂದೇ ಸಂಜೆ ಕೋಡಿಯ ಮನೆಯಿಂದ ಕುಂದಾಪುರಕ್ಕೆ ಮೂರು ಸಲ ವಾಪಸ್ ಹೋಗಿದ್ದೆ, ಅಂಗಡಿ ಬೀಗ ನೋಡಲಿಕ್ಕೆ. ಮೂರನೇ ಸಲ ಕಂಡಕ್ಟರ್ ಟಿಕೆಟ್ಟೇ ಕೇಳಲಿಲ್ಲ. ಆಗ ಅಪ್ಪಯ್ಯ ಹೇಳಿದ್ದು — ಬರೆದಿಡು, ತಲೆಯನ್ನು ನಂಬಬೇಡ, ಪುಸ್ತಕ ನಂಬು. ಎಂಟನೇ ಕ್ಲಾಸ್ ಅರ್ಧಕ್ಕೆ ಬಿಟ್ಟವಳ ಅಕ್ಷರ. ನನಗೆ ಓದಲಿಕ್ಕೆ ಬಂದರೆ ಸಾಕು.

ಡಿಸೆಂಬರ್ 5, ಶುಕ್ರವಾರ

ಎರಡೂ ಬಗ್ಗಿ ಬಿಚ್ಚಿದೆ. ಬೇರಿಂಗಿನ ಒಳಗೆ ಮರವಂತೆಯ ಮರಳು. ಗದ್ದೆಯಲ್ಲಿ ಓಡಿಸಿ ಸಾಲದು ಅಂತ ಬೀಚಿಗೂ ತೆಗೆದುಕೊಂಡು ಹೋಗುತ್ತಾರೆ ಈ ಗಾಡಿಯವರು. ಹದಿನಾರು ಬೇರಿಂಗ್ ಒಂದು ಗಾಡಿಗೆ. ಟಿಫಿನ್ ಮುಚ್ಚಳದಲ್ಲಿ ಪೆಟ್ರೋಲ್ ಹಾಕಿ ನೆನೆಸಿಟ್ಟೆ. ಒಂದನ್ನು ಕಿವಿ ಹತ್ತಿರ ಹಿಡಿದು ತಿರುಗಿಸಿದರೆ ಇನ್ನೂ ಕರ ಕರ. ಮತ್ತೆ ನೆನೆಸಿದೆ.

ಮೊದಲು ಆಟದ ಸಾಮಾನು ಅಂದುಕೊಂಡಿದ್ದೆ. ಆಟದ ಸಾಮಾನಲ್ಲ. ಕೈಯಲ್ಲಿ ಎತ್ತಿದರೆ ಒಳ್ಳೆ ಅಂಜಲ್ ಮೀನಿನಷ್ಟು ಭಾರ. ರಿಮೋಟ್ ಒತ್ತಿದರೆ ಬೈಕಿನಷ್ಟು ಜೋರು. ಬೈಂದೂರಿನಲ್ಲಿ ಹೋಟೆಲ್ ಇರುವ ರತನ್ ಅಕ್ಟೋಬರಿನಲ್ಲಿ ಮೊದಲನೇದನ್ನು ತಂದಾಗ ಕುಂದಾಪುರದಲ್ಲಿ ಯಾರೂ ಬಿಚ್ಚಲಿಕ್ಕೆ ಒಪ್ಪಿರಲಿಲ್ಲವಂತೆ. ನಾನು ಬಿಚ್ಚಿದೆ. ಒಳಗೆ ಉಪ್ಪು ಕಂಡಿತು. ಉಪ್ಪು ಗೊತ್ತಿಲ್ಲದವರ ಮನೆಯಲ್ಲಿ ಹುಟ್ಟಿದವಳಾ ನಾನು?

ಈಗ ಅವರ ರೇಸ್ ಕ್ಲಬ್ಬಿನ ಒಂಬತ್ತೂ ಗಾಡಿ ನನ್ನ ಹತ್ತಿರ ಸರ್ವಿಸಿಗೆ. ಜನವರಿ 18ಕ್ಕೆ ರೇಸ್. ಒಂದು ಹಾಳಾದರೂ ನನ್ನ ಹೆಸರು.

ಬೀಗ ಮೂರು ಸಲ. ಪ್ಲಗ್ ತೆಗೆದೆ.

ಡಿಸೆಂಬರ್ 7, ಭಾನುವಾರ

ಬೈಂದೂರು ಹತ್ತಿರದ ಯಡ್ತರೆಗೆ ಹೋಗಿ ರೇಸ್ ಟ್ರ್ಯಾಕ್ ನೋಡಿ ಬಂದೆ. ರತನ್ ಅವರೇ ಕರೆದಿದ್ದು, ಗಾಡಿ ಹೇಗೆ ಪೆಟ್ಟು ತಿನ್ನುತ್ತದೆ ನೋಡಿದರೆ ರಿಪೇರಿ ಸುಲಭ ಅಂತ. ನೋಡಬಾರದಿತ್ತು. ಕೊಯ್ಲಾದ ಗದ್ದೆಯಲ್ಲಿ ಮಣ್ಣು ಒಟ್ಟಿ ದಿಬ್ಬ ಮಾಡಿದ್ದಾರೆ. ಗಾಡಿ ಹಾರುತ್ತದೆ, ನೆಲಕ್ಕೆ ಬಡಿಯುತ್ತದೆ, ಮಗುಚುತ್ತದೆ, ಯಾರೋ ಓಡಿ ಹೋಗಿ ನೆಟ್ಟಗೆ ಮಾಡುತ್ತಾರೆ, ಮತ್ತೆ ಓಡುತ್ತದೆ.

ದೊಡ್ಡ ತಿರುವಿನ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರತನ್ ಅವರ ತಾಯಿ ಸರಸಮ್ಮ. ಕೊಡೆ ಬಿಡಿಸಿ, ಕಾಲು ಅಂಚಿನಿಂದ ಕೆಳಗೆ ಇಳಿಬಿಟ್ಟು. ಗಾಡಿ ಅವರ ಕಾಲಿನಿಂದ ಎರಡು ಮೊಳ ದೂರದಲ್ಲಿ ತಿರುಗುತ್ತದೆ. ಸ್ವಲ್ಪ ಹಿಂದೆ ಕೂತುಕೊಳ್ಳಿ ಅಂದೆ.

"ಗದ್ದಿ ನಂದ್. ನಾನೇ ದೂರ ಕೂಕಣ್ಕಾ?" ಅಂದರು.

ಹಿಂದೆ ಬರುವಾಗ ಬಸ್ಸಿನಲ್ಲಿ ಪೂರ್ತಿ ಆ ಕಾಲುಗಳೇ ಕಣ್ಣ ಮುಂದೆ. ಬೆಳ್ಳಿ ಕಾಲುಂಗುರ, ಬಾತ ಪಾದ.

ಡಿಸೆಂಬರ್ 11

ಪ್ಲಾಸ್ಟಿಕ್ ಕೈ ಇರುತ್ತದೆ ಗಾಡಿಗೆ, ನಾಲ್ಕು ಚಕ್ರಕ್ಕೆ ನಾಲ್ಕು. ಹೊಸದು ಪೆಟ್ಟಿಗೆ ಚಟ್ಟನೆ ಮುರಿಯುತ್ತದೆ. ನೀರಿನಲ್ಲಿ ಕುದಿಸಿದರೆ ಬಾಳಿಕೆ ಬರುತ್ತದಂತೆ, ರತನ್ ವಾಯ್ಸ್ ಮೆಸೇಜ್ ಕಳಿಸಿದ್ದರು. ಗಂಜಿ ತಪ್ಪಲೆಯಲ್ಲಿ ಹಾಕಿ ಒಲೆ ಮೇಲೆ ಇಟ್ಟೆ. ಅಪ್ಪಯ್ಯ ಇಣುಕಿ ನೋಡಿ,

"ಇವತ್ತ್ ಎಂತ ಸಾರ್ ಹೆಣೆ? ಮುಳ್ಳ್ ಜಾಸ್ತಿ ಕಾಣ್ತ್."

ನಗು ಬರಲಿಲ್ಲ. ಹೆಚ್ಚು ಕುದಿಯಿತೋ ಏನೋ. ಎಷ್ಟು ಹೊತ್ತು ಅಂತ ಅವರು ಹೇಳಿರಲಿಲ್ಲ. ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಅಂದರು. ಇಪ್ಪತ್ತಾರು ಆಗಿತ್ತು. ಮತ್ತೆ ಫೋನ್ ಮಾಡಿ ಕೇಳಿದೆ, ಇಪ್ಪತ್ತಾರು ಆದರೆ ಏನಾದರೂ ಆಗುತ್ತದಾ ಅಂತ. ಏನೂ ಆಗುವುದಿಲ್ಲ ಅಂದರು. ಹೇಳಿದ ರೀತಿ ಸರಿ ಕಾಣಲಿಲ್ಲ.

ಡಿಸೆಂಬರ್ 16, ಮಂಗಳವಾರ

ಬ್ರಹ್ಮಾವರದ ಮಿಥುನ್ ಹೊಸ ಗಾಡಿ ತಂದಿಟ್ಟು ಹೋದರು. ಎರಡೇ ಸಲ ಓಡಿಸಿದ್ದಂತೆ. ರೇಸಿಗೆ ಮೊದಲು ಪೂರ್ತಿ ಬಿಚ್ಚಿ ಜೋಡಿಸಿ ಕೊಡಬೇಕು. ಮಾತು ಕಡಿಮೆ. ಮಗುವನ್ನು ಇಳಿಸಿದ ಹಾಗೆ ಟೇಬಲ್ಲಿನ ಮೇಲೆ ಇಳಿಸಿದರು.

ಮುಂದಿನ ಚಕ್ರದ ಬುಡದ ಸ್ಕ್ರೂ — ಚಕ್ರ ತಿರುಗುವುದೇ ಅದರ ಮೇಲೆ, ಎಡಕ್ಕೆ ಒಂದು ಬಲಕ್ಕೆ ಒಂದು — ಎಷ್ಟು ಬಿಗಿ ಅಂದರೆ ಬಿಚ್ಚುವ ಅಲೆನ್ ಕೀ ಬೆರಳಿಗೆ ಕಚ್ಚಿತು. ತೆಗೆದು ನೋಡಿದರೆ ಸ್ಕ್ರೂವಿನ ಸುತ್ತುಗೆರೆಯಲ್ಲಿ ನೀಲಿ ಕಿಲುಬು. ಹೊಸ ಗಾಡಿಗೇ. ಇದರ ಮೊದಲಿನ ಗಾಡಿಗಳಲ್ಲೂ ಇತ್ತು, ಅವು ಬೀಚಿಗೆ ಹೋದವು ಅಂತ ಸುಮ್ಮನಿದ್ದೆ. ಗೋಡೌನಿನಲ್ಲಿ ಇಟ್ಟಲ್ಲೇ ಉಪ್ಪು ಗಾಳಿ ಹಿಡಿದಿರಬೇಕು.

ಅಪ್ಪಯ್ಯನಿಗೆ ತೋರಿಸಿದೆ. ಮೂವತ್ತೈದು ವರ್ಷ ಗಂಗೊಳ್ಳಿಯ ಬೋಟಿನಲ್ಲಿ ಇಂಜಿನ್ ನೋಡಿದವರು. ಕಣ್ಣು ಸಣ್ಣ ಮಾಡಿ ನೋಡಿದರು.

"ತಾಮ್ರದ ಪೈಪಿಗ್ ಹೀಂಗೇ ಹಿಡಿತಿತ್ತ್. ಉಜ್ಜಿ ತೆಗಿ. ಗ್ರೀಸ್ ಇಲ್ದೆ ಬೋಲ್ಟ್ ಹಾಕುಕಾಗ ಹೆಣೆ. ಉಪ್ಪ್ ಒಂದ್ಸಲ ಹಿಡ್ಕಂಡ್ರೆ ಬಿಡುದಿಲ್ಲೆ."

ತಂತಿ ಬ್ರಷ್ ಹಾಕಿ ಉಜ್ಜಿದೆ. ಹೊಳೆಯುವ ಹಾಗೆ. ಬೋಟಿನ ಗ್ರೀಸ್ ಹಚ್ಚಿ ಹಾಕಿದೆ. ಎಡ, ಬಲ, ಎರಡಕ್ಕೂ. ಈಗ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ.

ಡಿಸೆಂಬರ್ 22

ಶಾಕ್ ಅಬ್ಸಾರ್ಬರಿನ ಎಣ್ಣೆಯಲ್ಲಿ ಗುಳ್ಳೆ. ಗುಳ್ಳೆ ಮೇಲೆ ಬರುವವರೆಗೆ ಕಾದೆ. ಬಂತು. ಇನ್ನೊಂದು ಇರಬಹುದು ಅಂತ ಮತ್ತೆ ಕಾದೆ.

ರತನ್ ಅವರ ಬ್ಯಾಟರಿ ಒಂದು ಉಬ್ಬಿದ ಹಾಗೆ ಕಂಡಿತು. ಫೋನ್ ಮಾಡಿದೆ. ಅದು ಸ್ಟಿಕ್ಕರ್ ಅಂತೆ. ಎರಡು ಗಂಟೆ ಬಿಟ್ಟು ಮತ್ತೆ ಮಾಡಿದೆ, ಸ್ಟಿಕ್ಕರಿನ ಕೆಳಗೆ ಉಬ್ಬಿರಬಹುದಲ್ಲ ಅಂತ. ಆಗ ಅವರು ಅಂದದ್ದು — "ಜಲಜಕ್ಕ, ನಿಮ್ಗ್ ಎಂತದೂ ಆಯ್ಲಿಲ್ಲೆ ಅಂದ್ರೆ ಅದೂ ಒಂದ್ ಹೆದ್ರಿಕಿ." ಹೋಟೆಲಿನಲ್ಲಿ ಕೂತವರು ನಗುವುದು ಕೇಳಿಸಿತು.

ನಾಳೆ ಫೋನ್ ಮಾಡುವುದಿಲ್ಲ. ಬೆಂಕಿ ಹತ್ತಿದರೆ ಅಂತ ಬ್ಯಾಟರಿಯನ್ನು ಮಣ್ಣಿನ ಮಡಕೆಯಲ್ಲಿ ಹಾಕಿ ಅಂಗಡಿ ಹೊರಗೆ ಇಟ್ಟೆ. ಯಾರಾದರೂ ಕದ್ದರೆ?

ಜನವರಿ 4, ಭಾನುವಾರ

ಒಂಬತ್ತೂ ಮುಗಿಯಿತು. ಒಂಬತ್ತಕ್ಕೂ ಬೇರಿಂಗ್ ತೊಳೆದಿದ್ದೇನೆ, ಒಂಬತ್ತಕ್ಕೂ ನೀಲಿ ಕಿಲುಬು ಉಜ್ಜಿ ಗ್ರೀಸ್ ಹಾಕಿದ್ದೇನೆ, ಎಡ ಬಲ. ಬರೆದಿದ್ದೇನೆ. ಇನ್ನು ಯೋಚನೆ ಮಾಡಬಾರದು.

ಜನವರಿ 11, ಭಾನುವಾರ

ಯಡ್ತರೆಯಲ್ಲಿ ಪ್ರಾಕ್ಟೀಸ್ ಇತ್ತಂತೆ. ಒಂದು ಗಾಡಿಯ ಸ್ಕ್ರೂ ಗದ್ದೆಯಲ್ಲಿ ಎಲ್ಲೋ ಬಿತ್ತು ಅಂತ ರತನ್ ಮೆಸೇಜ್. ಬೀಳುತ್ತಿರುತ್ತದೆ, ಟೆನ್ಷನ್ ಬೇಡ, ಇನ್ನೊಂದು ಹಾಕಿಕೊಂಡೆ ಅಂತ. ಟೆನ್ಷನ್ ಬೇಡ ಅಂತ ಅವರಾಗಿಯೇ ಬರೆದದ್ದು ಯಾಕೆ?

ಯಾವ ಸ್ಕ್ರೂ ಅಂತ ಕೇಳಿದೆ. ಉತ್ತರ ಇಲ್ಲ. ಮತ್ತೆ ಕೇಳಿದೆ. ಮೆಸೇಜ್ ಹೋಗಿದೆ, ನೋಡಿಲ್ಲ. ನನ್ನದನ್ನು ಮ್ಯೂಟ್ ಮಾಡಿಟ್ಟಿದ್ದಾರೆ ಅಂತ ಕಾಣುತ್ತದೆ.

ಜನವರಿ 16, ಶುಕ್ರವಾರ, ಮಧ್ಯಾಹ್ನ

ಬೇಗ ಬೇಗ ಬರೆಯುತ್ತಿದ್ದೇನೆ. ಅಕ್ಷರ ಓದಲಿಕ್ಕೆ ಆಗುತ್ತದೋ ಇಲ್ಲವೋ.

ಬೆಳಿಗ್ಗೆ ಬಸ್ಸಿನಲ್ಲಿ ರತನ್ ಒಂದು ಪಾರ್ಸೆಲ್ ಕಳಿಸಿದ್ದರು. ಸ್ಪೇರ್ ಗೇರ್, ಎರಡು ಬೇರಿಂಗ್, ಮತ್ತೆ ಬೆರಳುದ್ದದ ಒಂದು ಬಾಟಲಿ. ಚೀಟಿಯಲ್ಲಿ — ಥ್ರೆಡ್ ಲಾಕ್ ಗಮ್, ನೀವು ಕೇಳಲೇ ಇಲ್ಲ, ನಿಮ್ಮದು ಮುಗಿದಿರಬೇಕು. ನನ್ನದು ಅಂತ ಯಾವುದೂ ಇರಲಿಲ್ಲ. ಏನು ಅಂತಲೇ ಗೊತ್ತಿರಲಿಲ್ಲ. ಮುಚ್ಚಳ ತೆಗೆದು ಕಾಗದದ ಮೇಲೆ ಒಂದು ಹನಿ ಬಿಟ್ಟೆ.

ನೀಲಿ.

ಅದೇ ನೀಲಿ.

ಬಾಟಲಿ ಮೇಲಿನ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿದೆ. ಸ್ಕ್ರೂ ಅಲುಗಾಡದ ಹಾಗೆ ಹಿಡಿಯುವ ಅಂಟು. ಕಂಪನಿಯವರೇ ಹಾಕಿ ಕಳಿಸುತ್ತಾರೆ. ಹಾಕುವ ಮೊದಲು ಎಣ್ಣೆ, ಗ್ರೀಸ್ ಒಂದು ಚೂರೂ ಇರಬಾರದು.

ಅದು ಕಿಲುಬು ಆಗಿರಲಿಲ್ಲ. ಚಕ್ರ ಹಿಡಿದಿಟ್ಟದ್ದೇ ಅದು. ನಾನು ತಂತಿ ಬ್ರಷ್ ಹಾಕಿ ಉಜ್ಜಿ ಉಜ್ಜಿ ತೆಗೆದೆ. ಮೇಲಿಂದ ಗ್ರೀಸ್ ಹಾಕಿದೆ. ಹಿಂದಿನ ಪುಟ ತೆಗೆದು ನೋಡಿದೆ, ಎಲ್ಲಾದರೂ ಒಂದು ಬಿಟ್ಟಿರಬಹುದಾ ಅಂತ. ಒಂಬತ್ತಕ್ಕೂ. ಎಡ ಬಲ. ನನ್ನದೇ ಅಕ್ಷರ.

ಗಾಡಿ ಜೋರಾಗಿ ಹೋಗುವಾಗ ಆ ಸ್ಕ್ರೂ ಬಿಟ್ಟರೆ ಚಕ್ರ ಅಡ್ಡ ತಿರುಗುತ್ತದೆ, ರಿಮೋಟಿನವರು ಏನು ಮಾಡಿದರೂ ಕೇಳುವುದಿಲ್ಲ. ಹೋದಲ್ಲಿಗೆ ಹೋಯಿತು. ದೊಡ್ಡ ತಿರುವಿನಲ್ಲಿ ಆ ಕುರ್ಚಿ.

ಅದೇ ದಿನ, 6 ಗಂಟೆ

ರತನ್ ಅವರಿಗೆ ಹನ್ನೊಂದು ಸಲ ಫೋನ್. ಎತ್ತಲಿಲ್ಲ. ಬ್ಯಾಟರಿಯ ಸ್ಟಿಕ್ಕರಿಗೆಲ್ಲ ಫೋನ್ ಮಾಡಿದ್ದು ನಾನೇ ಅಲ್ಲವಾ.

ಅಪ್ಪಯ್ಯನಿಗೆ ಕಾಗದದ ಮೇಲೆ ಒಣಗಿದ ಹನಿ ತೋರಿಸಿದೆ. ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಹೇಳಿದರು — "ಬೋಟಿನ ಬೋಲ್ಟ್ ಮಳಿಗಾಲಕ್ಕೆ ಬಿಚ್ಚುಕೆ ಅಂತ್ಲೇ ಹಾಕುದ್. ಇದ್ ಬಿಚ್ಚದೇ ಇಪ್ಪುಕೆ ಹಾಕುದ್. ನಂಗೆ ಅದ್ ಹೊಳಿಲಿಲ್ಲೆ ಕಾಣ್." ತಪ್ಪು ನನ್ನದು ಅಂದೆ. ಅವರು ಒಪ್ಪಲಿಲ್ಲ. ಅವರದ್ದು ಅಂತ ನಾನೂ ಒಪ್ಪಲಿಲ್ಲ. ಚಾ ಹಾಗೇ ತಣಿಯಿತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದು ಈಗ ತಲೆಗೆ ಬಂದ ಮಾತು. ಬಂದದ್ದು ಬಂದ ಹಾಗೆ ಬರೆದೆ. ಹೇಳಿದರೆ ಇನ್ನು ಯಾರೂ ನನ್ನ ಟೇಬಲ್ ಮೇಲೆ ಗಾಡಿ ಇಳಿಸುವುದಿಲ್ಲ, ಮಿಕ್ಸಿಯವರೂ ಯೋಚಿಸಬಹುದು.

ಬೀಗ ಎಳೆದೆನಾ? ಬರೆದಿಲ್ಲ.

ಜನವರಿ 17, ಶನಿವಾರ

ಮೊದಲನೇ ಬಸ್ಸಿಗೆ ಬೈಂದೂರಿಗೆ. ರತನ್ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂತಿದ್ದರು. ನನ್ನನ್ನು ಕಂಡು ನಕ್ಕರು. ಈ ಸಲ ಎಂತದು, ಸ್ಟಿಕ್ಕರಾ, ಗುಳ್ಳೆಯಾ ಅಂತ. ಅಲ್ಲಿ ಇಡ್ಲಿ ತಿನ್ನುತ್ತಿದ್ದವರೂ ನಕ್ಕರು. ಹೇಳಲಿಕ್ಕೆ ಹೋದೆ, ಮಾತು ಹಿಂದೆ ಮುಂದೆ ಆಯಿತು, ಕಿಲುಬು, ತಾಮ್ರ, ಬೋಟು… ಅವರಿಗೆ ಒಂದೂ ಅರ್ಥ ಆಗಲಿಲ್ಲ. ತಿಂಡಿ ತಿನ್ನಿ ಮೊದಲು ಅಂದರು.

ನಿಮ್ಮ ಗಾಡಿ ತನ್ನಿ ಅಂದೆ. ತಂದರು. ಮುಂದಿನ ಎಡ ಚಕ್ರದ ಸ್ಕ್ರೂಗೆ ಉಗುರು ಇಟ್ಟೆ. ಕೀ ಇಲ್ಲ, ಏನಿಲ್ಲ. ಬರೀ ಉಗುರು. ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು. ಸ್ಕ್ರೂ ಕೈಗೆ ಬಂತು, ಗಲ್ಲೆಯ ಮೇಲೆ ಇಟ್ಟೆ. ಚಕ್ರ ಮಗ್ಗುಲಿಗೆ ಬಿತ್ತು.

"ಎಷ್ಟ್ ಗಾಡಿ ಹೀಂಗಿತ್ತ್?"

"ಒಂಬತ್ತೂ."

ನಗು ಹೋಯಿತು. ಸ್ಕ್ರೂವನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು, ಬಯ್ಯುವ ಸ್ವರ ಅಲ್ಲ — "ನೀವ್ ಹೇಳ್ದೇ ಇದ್ರೆ ನಮ್ಗ್ ಗೊತ್ತೇ ಆತಿರ್ಲಿಲ್ಲೆ. ಎಂತಕ್ ಬಂದ್ ಹೇಳ್ದ್ರಿ?"

"ನಿಮ್ ಅಮ್ಮ ಆ ತಿರುವಿನಂಗೆ ಕೂಕಂತ್ರ್ ಅಲ್ದಾ."

ಗ್ರೂಪಿಗೆ ಅಲ್ಲೇ ಮೆಸೇಜ್ ಹಾಕಿದರು. ನಾಳೆ ರೇಸಿಗೆ ಮೊದಲು ಎಲ್ಲ ಗಾಡಿ ಬಿಚ್ಚಬೇಕು, ಒಂದೂವರೆ ಗಂಟೆ ತಡ. ಏಳು ಜನ ಸರಿ ಅಂದರು, ಅವರಲ್ಲೇ ಇಬ್ಬರು ನನ್ನ ಬಗ್ಗೆ ಏನೇನೋ ಬರೆದರು, ರತನ್ ಫೋನ್ ಆಚೆ ತಿರುಗಿಸಿದರು. ಮಿಥುನ್ ಒಪ್ಪಲಿಲ್ಲ. ಫೋನಿನಲ್ಲಿ ಅವರ ಮಾತು ನನಗೇ ಕೇಳುತ್ತಿತ್ತು — "ರೇಸ್ ದಿನ ನನ್ ಗಾಡಿ ಬಿಚ್ಚುಕೆ ನಾನ್ ಎಂತ ಮಳ್ಳನಾ? ಹೋದ ಸಲ ಫೈನಲಂಗೆ ನಿಮ್ಮನ್ನ್ ಸೋಲ್ಸಿದೆ, ಅದ್ಕಲ್ದಾ ಇದ್?"

ರತನ್ ಅವರಿಗೂ ಸಿಟ್ಟು ಬಂತು. ಫೋನ್ ಇಟ್ಟರು. ನನ್ನದೂ ಸೇರಿ ಎಂಟು ಆಯಿತಲ್ಲ ಅಂದರು.

ಎಂಟು ಆಯಿತು. ಒಂಬತ್ತನೆಯದ್ದು?

ಜನವರಿ 18, ಭಾನುವಾರ, ಬೆಳಿಗ್ಗೆ 5.10, ಬಸ್ಸಿಗೆ ಕಾಯುತ್ತ

ಸ್ಪಿರಿಟ್ ಇದೆ. ಹಳೆ ಪಂಚೆ ಹರಿದ ಬಟ್ಟೆ ಇದೆ. ಗಮ್ ಬಾಟಲಿ ಇದೆ. ಅಲೆನ್ ಕೀ ಐದು. ಹೊಸ ಸ್ಕ್ರೂ ಒಂದು ಡಬ್ಬಿ. ಅಪ್ಪಯ್ಯನೂ ಬಂದಿದ್ದಾರೆ, ಬೇಡ ಅಂದರೂ. ಬಿಳಿ ಅಂಗಿ ಹಾಕಿದ್ದಾರೆ, ಮದುವೆಗೆ ಹೊರಟ ಹಾಗೆ. ಮನೆ ಬೀಗ ಎಳೆದೆ. ಮೂರು

ಬಸ್ ಬಂತು.

ಜನವರಿ 20, ಮಂಗಳವಾರ, ಬೆಳಿಗ್ಗೆ

ನಿನ್ನೆ ಪೂರ್ತಿ ಮಲಗಿದ್ದೆ. ಮೊಣಕೈ ಬಾತಿದೆ. ಈಗ ಬರೆಯುತ್ತೇನೆ, ಕ್ರಮವಾಗಿ.

ಆರೂವರೆಗೆ ಗದ್ದೆ ಮುಟ್ಟಿದೆವು. ಅಪ್ಪಯ್ಯ ಅಂಚಿನ ಮೇಲೆ ಗೋಣಿ ಹಾಸಿ ಕೂತರು, ಟಿಫಿನ್ ಮುಚ್ಚಳದಲ್ಲಿ ಸ್ಪಿರಿಟ್. ನಾನು ಬಿಚ್ಚಿ ಕೊಡುವುದು, ಅವರು ಗ್ರೀಸ್ ತೊಳೆದು ಒರೆಸಿ ಊದಿ ಕೊಡುವುದು, ನಾನು ನೀಲಿ ಹಚ್ಚಿ ಬಿಗಿಯುವುದು. ಗ್ರೀಸ್ ಒರೆಸುವಾಗ ಅಪ್ಪಯ್ಯ ಒಂದೊಂದು ಸ್ಕ್ರೂವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಂಟು ಗಾಡಿ. ಒಂಬತ್ತು ಮುಕ್ಕಾಲಿಗೆ ಮುಗಿಯಿತು. ಅಂಟು ಹಿಡಿಯಲಿಕ್ಕೆ ಇನ್ನೂ ಅರ್ಧ ಗಂಟೆ ಬಿಡಿಸಿದೆ. ಯಾರೂ ಎದುರು ಮಾತಾಡಲಿಲ್ಲ. ಅವರವರ ಗಾಡಿಯ ಸ್ಕ್ರೂ ಉಗುರಿಗೆ ಬಂದದ್ದನ್ನು ಅವರವರೇ ನೋಡಿದ್ದರು.

ಮಿಥುನ್ ಮಾತ್ರ ಗಾಡಿಯನ್ನು ಕಾರಿನಿಂದ ಇಳಿಸಲೇ ಇಲ್ಲ, ರೇಸಿಗೆ ಕರೆಯುವವರೆಗೆ.

ಸರಸಮ್ಮ ಅದೇ ಜಾಗದಲ್ಲಿ. ಅದೇ ಕುರ್ಚಿ. ಇವತ್ತು ಒಂದು ದಿನ ಹಿಂದೆ ಕೂತುಕೊಳ್ಳಿ ಅಂತ ಬೇಡಿದೆ, ರತನ್ ಕೂಡ ಬಂದು ಹೇಳಿದರು. ಐವತ್ತು ವರ್ಷ ಇದೇ ಅಂಚಿನ ಮೇಲೆ ನಿಂತು ಭತ್ತದ ನೇಜಿ ನೆಡಿಸಿದ್ದೇನೆ, ಗೊಂಬೆ ಗಾಡಿಗೆ ಹೆದರಿ ಏಳುವವಳಲ್ಲ ಅಂತ ಅವರು. ಪಕ್ಕದಲ್ಲಿ ಇನ್ನೊಂದು ಖಾಲಿ ಕುರ್ಚಿ ಇತ್ತು. ಅದನ್ನು ಎತ್ತಿ, ಕುರ್ಚಿಯ ಕಾಲು ಮುಂದೆ ಮಾಡಿ ಹಿಡಿದುಕೊಂಡು ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ.

ಗದ್ದೆ ಪೂರ್ತಿ ನಕ್ಕಿತು. ಯಾರೋ ಆಚೆಯಿಂದ, "ಹ್ವಾಯ್ ಜಲಜಕ್ಕ, ಹುಲಿ ಬತ್ತಿತ್ತಾ?" ಅಂತ ಕೂಗಿದರು. ಸರಸಮ್ಮನೇ ನನ್ನ ಬೆನ್ನಿಗೆ ಕೊಡೆಯಲ್ಲಿ ತಿವಿದರು, ಅಡ್ಡ ಕೂತರೆ ಕಾಣುವುದಿಲ್ಲ ಅಂತ. ಮುಖ ಬಿಸಿಯಾಯಿತು. ಎದ್ದು ಹೋಗುವ ಅಂತಲೂ ಅನಿಸಿತು. ಒಂದು ಸುತ್ತು ಆಯಿತು, ಏನೂ ಆಗಲಿಲ್ಲ. ಎರಡು ಸುತ್ತು. ಏನೂ ಇಲ್ಲ. ಹಾಗಾದರೆ ಇದೂ ಸ್ಟಿಕ್ಕರೇ ಅಂತ…

ನಾಲ್ಕನೇ ಸುತ್ತಿನಲ್ಲಿ ಮಿಥುನ್ ಅವರ ಗಾಡಿ ದಿಬ್ಬ ಹಾರಿ ಇಳಿಯಿತು. ಇಳಿದಲ್ಲೇ ಎಡ ಚಕ್ರ ಹೊರಗೆ ಮಗುಚಿದ್ದು ಕಂಡೆ. ತಿರುಗಲಿಲ್ಲ. ನೇರ ಬಂತು. ಕುರ್ಚಿಯನ್ನು ಗಟ್ಟಿ ಹಿಡಿದೆ, ಕಣ್ಣು ಮುಚ್ಚಿದೆ.

ಕುರ್ಚಿಯ ಒಂದು ಕಾಲು ಮುರಿಯಿತು. ನಾನು ಹಿಂದೆ ಬಿದ್ದೆ, ಸರಸಮ್ಮನ ಪಾದದ ಮೇಲೆ. ಗಾಡಿ ನನ್ನ ಪಕ್ಕ ಮಗುಚಿ ಬಿದ್ದು ಮೂರು ಚಕ್ರ ತಿರುಗಿಸುತ್ತಲೇ ಇತ್ತು. ಗದ್ದೆಯಲ್ಲಿ ಅದೊಂದೇ ಶಬ್ದ.

ಸರಸಮ್ಮ ಕೊಡೆ ಮಡಚಿದರು. ಕಾಲು ಮೇಲೆ ತೆಗೆದುಕೊಂಡರು. ಎದ್ದು ತಾವೇ ಕುರ್ಚಿ ಎತ್ತಿಕೊಂಡು ಹತ್ತು ಹೆಜ್ಜೆ ಹಿಂದೆ ಹೋಗಿ ಹಾಕಿದರು.

ಮಿಥುನ್ ಓಡಿ ಬಂದವರು ಗಾಡಿಯನ್ನು ಮುಟ್ಟಲಿಲ್ಲ ಮೊದಲು. ನನ್ನ ಕೈ ನೋಡಿದರು. ಆಮೇಲೆ ಗಾಡಿ ಎತ್ತಿ ತಂದು ಅಪ್ಪಯ್ಯನ ಗೋಣಿಯ ಮೇಲೆ ಇಳಿಸಿದರು, ಅವತ್ತು ಟೇಬಲ್ ಮೇಲೆ ಇಳಿಸಿದ ಹಾಗೇ. "ನೀವೇ ಮಾಡ್ಕೊಡಿ" ಅಂದರು. ತಲೆ ಎತ್ತಿ ಹೇಳಲಿಲ್ಲ.

ಮಾಡಿಕೊಟ್ಟೆ. ಎಡಕ್ಕೆ ಹೊಸ ಸ್ಕ್ರೂ. ನೀಲಿ ಹಚ್ಚಿ ಬಿಗಿದೆ. ಬಲದ್ದು ಬಿಚ್ಚಿ ಅಪ್ಪಯ್ಯನಿಗೆ ಕೊಟ್ಟೆ, ತೊಳೆದು ಕೊಟ್ಟರು. ಅಂಟು ಹಿಡಿಯಬೇಕು ಅಂದೆ, ಎರಡು ರೇಸ್ ಬಿಟ್ಟು ಕೂತರು ಮಿಥುನ್. ಕೊನೆಗೆ ಮೂರನೆಯವರಾದರು. ಗಾಡಿ ಹಿಡಿದುಕೊಂಡು ಬ್ರಹ್ಮಾವರಕ್ಕೆ ಹೋದರು. ಮುಗಿಯಿತು.

ಅದೇ ದಿನ, 11 ಗಂಟೆ, ಅಂಗಡಿ

ರತನ್ ಎರಡು ಗಾಡಿ ಕಳಿಸಿದ್ದಾರೆ. ಟೇಬಲ್ ಮೇಲೆ ಅಪ್ಪಯ್ಯ ಬೋಲ್ಟ್ ಬೇರೆ ಬೇರೆ ಹಾಕಲಿಕ್ಕೆ ಎರಡು ಡಬ್ಬಿ ಇಟ್ಟಿದ್ದಾರೆ, ಒಂದರ ಮೇಲೆ ಬೋಟು ಅಂತ ಸೀಮೆಸುಣ್ಣದಲ್ಲಿ, ಇನ್ನೊಂದರ ಮೇಲೆ ಬಗ್ಗಿ. ಗ್ರೀಸ್ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಹಾಕಿದ್ದಾರೆ, ನನ್ನ ಕೈಗೆ ಎಟುಕದ ಹಾಗೆ.

ಬೆಳಿಗ್ಗೆ ಬರೆದದ್ದನ್ನು ಈಗ ಓದಿದೆ. ಎಡಕ್ಕೆ ನೀಲಿ ಹಚ್ಚಿ ಬಿಗಿದೆ ಅಂತ ಇದೆ. ಬಲದ್ದು ಬಿಚ್ಚಿದೆ, ತೊಳೆದು ಕೊಟ್ಟರು ಅಂತ ಇದೆ. ಹಚ್ಚಿದೆ ಅಂತ ಇಲ್ಲ.

ತೊಳೆದ ಸ್ಕ್ರೂ ಕೈಗೆ ಬಂತು. ಅಷ್ಟರಲ್ಲಿ ಸರಸಮ್ಮ ಎಳನೀರಿನ ಬೊಂಡ ಕೆತ್ತಿಸಿ ತಂದು ಎದುರು ಹಿಡಿದರು, ಕುಡಿ ಅಂತ. ಎಡಗೈಯಲ್ಲಿ ತೆಗೆದುಕೊಂಡೆ. ಕುಡಿದೆ. ಆಮೇಲೆ ಸ್ಕ್ರೂ ಬಿಗಿದದ್ದು ನೆನಪಿದೆ. ಬಾಟಲಿ ತೆಗೆದದ್ದು…

ಅಪ್ಪಯ್ಯನಿಗೆ ಕೇಳಿದೆ. ಅವರು ಬೊಂಡ ನೋಡುತ್ತಿದ್ದರಂತೆ.

ಭಾನುವಾರದ ಪುಟದಲ್ಲಿ ಬಸ್ ಬಂತು ಅಂತ ಇದೆ. ಕೆಳಗೆ ಖಾಲಿ.

11.20

ಮಿಥುನ್ ಅವರಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಹೇಳಿ ಜಲಜಕ್ಕ."

ಹೇಳಿದೆ. ನಗಲಿಲ್ಲ. ಇವತ್ತು ಸಂಜೆ ಮನೆ ಹತ್ತಿರದ ಮೈದಾನದಲ್ಲಿ ಓಡಿಸುವ ಅಂತ ಇದ್ದರಂತೆ. "ಲೈನಂಗೇ ಇರಿ, ಕೀ ತಕಂಡ್ ಬತ್ತೆ" ಅಂದರು. ಫೋನ್ ಕಿವಿಗೆ ಒತ್ತಿಕೊಂಡೇ ಬರೆಯುತ್ತಿದ್ದೇನೆ. ಬಾಗಿಲು ತೆಗೆದ ಶಬ್ದ. ಗಾಡಿ ಮೇಜಿನ ಮೇಲೆ ಇಟ್ಟರು. ಅಪ್ಪಯ್ಯನೂ ಹತ್ತಿರ ಬಂದು ಕೂತಿದ್ದಾರೆ.

ಎಡದ್ದು ಗಟ್ಟಿ, ಅಲುಗಾಡುವುದಿಲ್ಲ ಅಂದರು.

ಈಗ ಬಲದ್ದಕ್ಕೆ ಉಗುರು ಇಡುತ್ತೇನೆ ಅನ್ನುತ್ತಿದ್ದಾರೆ